ಹಣಮಪ್ಪನ ಕರಿಹೊಗೆ

ಇಳಕಲ್ಲಿನ ಆ ಓಣಿಯಲ್ಲಿ ಹಣಮಪ್ಪನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕೆಲವರಿಗೆ ಅವನು ಶಾರವ್ವನ ಗಂಡ, ಉಳಿದವರಿಗೆ ಅಳಿಯಾರು. ಅವನ ಊರು ತುಳಸಿಗೇರಿ. ಶಾರವ್ವನ ತಂದೆಗೆ ಗಂಡುಮಕ್ಕಳಿರಲಿಲ್ಲ, ಮನೆಯಲ್ಲಿ ಮಗ್ಗ ಇತ್ತು. ಮದುವೆಯಾದ ಮೇಲೆ ಹಣಮಪ್ಪ ಇಲ್ಲೇ ಉಳಿದ. ಆದರೆ ಮಗ್ಗ ಅವನಿಗೆ ಒಲಿಯಲಿಲ್ಲ. ಒಂದು ಚಳಿಗಾಲ ಪೂರ್ತಿ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಕಲಿತ. ಲಾಳಿ ಹೊಡೆದಾಗೆಲ್ಲ ಎಳೆ ಹರಿಯುತ್ತಿತ್ತು. ಮಾವ ಏನೂ ಅನ್ನಲಿಲ್ಲ. ಬಾಗಿಲಿಗೆ ಬಂದು ನೋಡಿದ ಹೆಂಗಸರು ಮಾತ್ರ ಸೆರಗು ಬಾಯಿಗೆ ಹಿಡಿದು ನಕ್ಕು ಹೋದರು. ಆ ನಗುವನ್ನು ಅವನು ಮರೆತಿರಲಿಲ್ಲ.

ಅವನ ಕೈಗೆ ಗೊತ್ತಿದ್ದದ್ದು ಇಂಜಿನ್. ಅಪ್ಪ ಯಮನಪ್ಪ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯ ಹಿಂದೆ ಒಂದು ಡೀಸೆಲ್ ಇಂಜಿನ್ನು ದಿನವಿಡೀ ಬಡಿದುಕೊಳ್ಳುತ್ತಿತ್ತು. ಅದರ ಹೊಗೆ ಕರ್ರಗಾದರೆ ಯಮನಪ್ಪ ಜೋಳ ಸುರಿಯುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದ. "ಎಣ್ಣಿ ಹೆಚ್ಚಾಗೇತಿ, ಉಸಿರು ಸಾಲವಲ್ದು" ಎಂದು ಗೊಣಗುತ್ತ ಅದನ್ನು ಸರಿಮಾಡಿಯೇ ಮತ್ತೆ ಕೂಡುತ್ತಿದ್ದ. ಹಣಮಪ್ಪ ಇದನ್ನೆಲ್ಲ ನೋಡುತ್ತಲೇ ಬೆಳೆದವನು. ಬಾಗಲಕೋಟೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತ, ಆಮೇಲೆ ಪುಣೆಗೆ ಹೋಗಿ ಕಾರುಗಳ ಟ್ಯೂನಿಂಗ್ ಕಲಿತು ಬಂದ. ಇಳಕಲ್ಲಿನ ಹೊರಗೆ ಹೈವೇ ಪಕ್ಕದಲ್ಲಿ ಶೆಡ್ ಹಾಕಿದ.

ಈಗಿನ ಕಾರುಗಳ ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಎನ್ನುವುದನ್ನೆಲ್ಲ ಒಂದು ಸಣ್ಣ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಣಮಪ್ಪ ಸ್ಟಿಯರಿಂಗ್ ಕೆಳಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ ಆ ಲೆಕ್ಕವನ್ನು ತಿದ್ದುತ್ತಿದ್ದ. ಗಾಳಿ ಸರಾಗವಾಗಿ ಒಳಗೆ ಹೋಗುವ ಹಾಗೆ ದೊಡ್ಡ ಫಿಲ್ಟರ್, ಹೊಗೆ ಹೊರಗೆ ಬರುವ ಹಾಗೆ ಅಗಲವಾದ ಸೈಲೆನ್ಸರ್ ಕೂಡಿಸುತ್ತಿದ್ದ. ಕೆಲಸ ಚೆನ್ನಾಗಿಯೇ ಇತ್ತು. ಮೂರನೇ ಗೇರಿನಲ್ಲಿ ತಿಣುಕುತ್ತಿದ್ದ ಗಾಡಿ ನಾಲ್ಕನೆಯದರಲ್ಲಿ ಏರು ಹತ್ತುತ್ತಿತ್ತು. ಆದರೆ ಅದು ಓಡಿಸುವವನಿಗೆ ಗೊತ್ತಾಗುತ್ತಿತ್ತೇ ಹೊರತು ನೋಡುವವರಿಗಲ್ಲ. ಹುಡುಗರು ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಿದ್ದರು. ಅದರಲ್ಲಿ ಗಾಡಿ ಒಮ್ಮೆ ಗುರ್ ಎಂದರೆ ಹಿಂದಿನಿಂದ ಕಾಡಿಗೆಯಂಥ ಹೊಗೆ ಉಗುಳುತ್ತಿತ್ತು. "ಹಿಂಗ ಮಾಡಿ ಕೊಡ್ರಿ ಅಣ್ಣಾ" ಅನ್ನುತ್ತಿದ್ದರು.

ಹಣಮಪ್ಪನಿಗೆ ಅದೇನೆಂದು ಚೆನ್ನಾಗಿ ಗೊತ್ತಿತ್ತು. ಗಾಳಿ ಸಾಲದ ಕಡೆ ಡೀಸೆಲ್ ಸುರಿದರೆ ಅದು ಪೂರ್ತಿ ಉರಿಯದೆ ಮಸಿಯಾಗಿ ಬರುತ್ತದೆ. ಶಕ್ತಿಯೂ ಅಲ್ಲ, ಏನೂ ಅಲ್ಲ. ಮೊದಲು ಬಂದವರನ್ನು ಬೈದು ಕಳಿಸಿದ. ಆಮೇಲೆ ಒಬ್ಬನಿಗೆ ಮಾಡಿಕೊಟ್ಟ. ಆ ಗಾಡಿ ಹುನಗುಂದದ ಸರ್ಕಲ್ಲಿನಲ್ಲಿ ಹೊಗೆ ಬಿಟ್ಟ ಮೇಲೆ ಶೆಡ್ಡಿನ ಮುಂದೆ ಸಾಲು ನಿಂತಿತು. ಹಣಮಪ್ಪನ ಹೆಸರು ಮೊದಲ ಸಲ ಹೆಸರಾಗಿ ಜನರ ಬಾಯಲ್ಲಿ ಬಂತು. ಬೈಯುವುದನ್ನು ಅವನು ಬಿಟ್ಟ.

ರಾಮಥಾಳದ ರಾಹುಲ ಎಂಬ ಹುಡುಗನ ದೊಡ್ಡ ಡೀಸೆಲ್ ಗಾಡಿಗೂ ಹಾಗೆಯೇ ಮಾಡಿದ. ಬಾದಾಮಿ ಕಡೆಯ ಏರಿನಲ್ಲಿ ಓಡಿಸಿ ನೋಡೋಣವೆಂದು ಮಾತಾಗಿತ್ತು. ಒಂದು ಮುಂಜಾನೆ ರಾಹುಲ ಅವನನ್ನು ಕರೆದೊಯ್ಯಲು ಓಣಿಯ ಬಾಯಿಗೆ ಬಂದ. ಒಳಗೆ ಬರಲು ಜಾಗವಿರಲಿಲ್ಲ. ಕಸ್ತೂರವ್ವನ ಹಾಸು ಓಣಿಯುದ್ದಕ್ಕೂ ಎಳೆದು ನಿಂತಿತ್ತು. ನೇಯುವ ಮೊದಲು ಉದ್ದದ ನೂಲುಗಳನ್ನೆಲ್ಲ ಹೀಗೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಾರೆ. ಅವತ್ತಿನದು ಲಿಂಬೆಹಣ್ಣಿನ ಬಣ್ಣದ ನೂಲು, ಯಾರದೋ ಮದುವೆಯ ಸೀರೆಗಳಿಗೆ. ಗಂಜಿ ಇನ್ನೂ ಹಸಿ ಇತ್ತು. ಒಂದು ಕಡೆ ಕಸ್ತೂರವ್ವ, ಇನ್ನೊಂದು ಕಡೆ ಗಂಜಿ ಹಚ್ಚುವ ಜಹಾಂಗೀರ ಕುಂಚ ಎಳೆಯುತ್ತ ಬರುತ್ತಿದ್ದರು. ಹೆಂಗಸರು ಕಟ್ಟೆಗಳ ಮೇಲೆ ಕೂತಿದ್ದರು.

ಕಸ್ತೂರವ್ವ ಪಕ್ಕದ ಮನೆಯವಳು, ಶಾರವ್ವನಿಗೆ ಸೋದರತ್ತೆಯಾಗಬೇಕು. ಹಣಮಪ್ಪ ಮಗ್ಗದ ಮುಂದೆ ಸೋತು ಕೂತಿದ್ದಾಗ ನಗದಿದ್ದವಳು ಅವಳೊಬ್ಬಳೇ.

ರಾಹುಲ ಗಾಡಿ ತಿರುಗಿಸಿ, ಬೆನ್ನು ಓಣಿಯ ಕಡೆ ಮಾಡಿ ನಿಲ್ಲಿಸಿದ್ದ. ಹಣಮಪ್ಪ ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿದ. ಇಡೀ ಓಣಿ ಈ ಕಡೆಯೇ ನೋಡುತ್ತಿತ್ತು.

"ಒಮ್ಮೆ ರೇಸ್ ಮಾಡು" ಅಂದ.

"ಅಣ್ಣಾ, ಅಲ್ಲೆ ನೂಲು ಹಾಕ್ಯಾರ."

"ಏನಾಗೂದಿಲ್ಲ. ಗಾಳಿ ಆ ಕಡಿ ಐತಿ. ಮಾಡು."

ರಾಹುಲ ಕಾಲು ಒತ್ತಿದ. ಗಾಳಿ ಯಾವ ಕಡೆಗೂ ಇರಲಿಲ್ಲ. ಕರಿಹೊಗೆ ಉಂಡೆಯಾಗಿ ಹೊರಬಿದ್ದು ಎರಡೂ ಗೋಡೆಗಳ ನಡುವೆ ಮೆಲ್ಲಗೆ ಒಳಗೆ ಹರಿಯಿತು. ಹೆಂಗಸರು ಕೆಮ್ಮುತ್ತ ಎದ್ದರು. ಕಸ್ತೂರವ್ವ ಓಡಿಬಂದು ತನ್ನ ಸೆರಗನ್ನು ಹಾಸಿನ ಮೇಲೆ ಚಾಚಿದಳು. ಅಷ್ಟುದ್ದದ ನೂಲಿಗೆ ಒಂದು ಸೆರಗು ಎಲ್ಲಿ ಸಾಕಾಗುತ್ತದೆ? ಹೊಗೆ ತಿಳಿಯಾದಾಗ ಓಣಿಯ ಬಾಯಿಯ ಕಡೆಯ ನೂಲು ಲಿಂಬೆಯ ಬಣ್ಣದ್ದಾಗಿ ಉಳಿದಿರಲಿಲ್ಲ. ಹಸಿ ಗಂಜಿಯಲ್ಲಿ ಮಸಿ ಚುಕ್ಕಿ ಚುಕ್ಕಿಯಾಗಿ ಕೂತಿತ್ತು. ಜಹಾಂಗೀರ ಬೆರಳಿನಿಂದ ಒಂದು ಎಳೆ ಮುಟ್ಟಿ ನೋಡಿ, ಕುಂಚವನ್ನು ಕೆಳಗಿಟ್ಟ.

ಯಾರೂ ಬೈಯಲಿಲ್ಲ. ಬೈದಿದ್ದರೆ ಹಣಮಪ್ಪನ ಬಾಯಿಂದ ಮುಂದಿನ ಮಾತು ಬರುತ್ತಿರಲಿಲ್ಲವೇನೋ. ಎಲ್ಲರೂ ಸುಮ್ಮನೆ ತನ್ನ ಮುಖ ನೋಡುತ್ತಿದ್ದುದಕ್ಕೆ ಅವನು ಅಂದ: "ಈ ಗಾಡಿದು ಎಣ್ಣಿ ಬಿಡೂ ನೋಝಲ್ ಕೆಟ್ಟೈತ್ರಿ. ಇಂವಾ ರಿಪೇರಿಗೆ ತಂದಾನ. ಹಿಂಗಾಕೈತಂತ ನನಗೂ ಗೊತ್ತಿರಲಿಲ್ಲ."

ರಾಹುಲ ಕಿಟಕಿಯಿಂದ ಅವನನ್ನು ನೋಡಿದ. ಹಣಮಪ್ಪ ಗಾಡಿ ಹತ್ತಿದ. ನಿಲ್ಲಬೇಕಿತ್ತು, ಆದರೆ ಕಾಲುಗಳು ಗಾಡಿಯ ಕಡೆಗೇ ಹೋದವು.

ಹುನಗುಂದ ಹತ್ತಿರ ಬಂದಾಗ ರಾಹುಲ ರಸ್ತೆ ನೋಡುತ್ತಲೇ ಹೇಳಿದ: "ಅಣ್ಣಾ, ನಾ ಬ್ಯಾಡಂದಿದ್ನಿ. ಖರೇದ್ದು ನಾ ಅಲ್ಲೆ ಹೇಳಬಹುದಿತ್ತು. ನಿಮ್ಮ ಬೀಗರ ಓಣಿ, ಮರ್ಯಾದಿ ಹೋಗ್ತೈತಂತ ಸುಮ್ನಾದೆ."

ತನಗಿಂತ ಎಷ್ಟೋ ಸಣ್ಣವನು ತನ್ನ ಮರ್ಯಾದೆ ಕಾಯ್ದಿದ್ದ. ಹಣಮಪ್ಪ "ಇಲ್ಲೇ ಇಳಿಸು" ಎಂದು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಇಳಕಲ್ಲಿನ ಬಸ್ಸುಗಳು ಬಂದು ಹೋದವು. ಕಲ್ಲಿನ ಬೆಂಚಿನ ಮೇಲೆ ಕೂತೇ ಇದ್ದ. ಯಾವ ಮುಖ ಹೊತ್ತು ಹೋಗಬೇಕು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಿಸಿಲು ಬೆಂಚಿಗೆ ಬಂದಾಗ ಎದ್ದು ಬಸ್ ಹತ್ತಿದ.

ಓಣಿಯಲ್ಲಿ ಹಾಸು ಇರಲಿಲ್ಲ. ಶಾರವ್ವ ಆಗಷ್ಟೇ ಕಸ್ತೂರವ್ವನ ಮನೆಯಿಂದ ಬಂದು ಕೈ ತೊಳೆಯುತ್ತಿದ್ದಳು. ಅವಳ ಉಗುರುಸಂದಿಯಲ್ಲಿ ಮಸಿ ಇತ್ತು.

"ನೀರಾಗ ಹಾಕಿ ಗಂಜಿ ತೆಗದ್ವಿ. ಕರಿ ಹೋಗವಲ್ದು, ಜಿಡ್ಡು ಹಿಡದೈತಿ. ಊಟಾ ಮಾಡ್ರಿ" ಅಂದಳು.

"ಏನಂದ್ರು ಮಂದಿ?"

"ಎದುರಿಗಿನ ಲಾಡಬಿ ಒಂದ ಮಾತು ಅಂದ್ಳು, ಬೇಕಂತ ಮಾಡ್ಯಾನ ಅಂತ. ಕಸ್ತೂರತ್ತಿ ಆಕಿಗೆ ಜಗಳಾನ ತಗದ್ಲು. ಗಾಡಿದು ನೋಝಲ್ ಕೆಟ್ಟಿತ್ತು, ಅಳಿಯಾರು ಪಾಪ ಏನ ಮಾಡ್ಬೇಕು, ಅವರಿಗೆ ಯಾರೂ ಏನೂ ಅನಬ್ಯಾಡ್ರಿ ಅಂತ. ನೋಝಲ್ ಅಂದ್ರ ಏನಂತ ಆಕಿಗೇನ್ ಗೊತ್ತು? ನೀವಂದಿದ್ನ ಎಲ್ಲಾರಿಗೂ ಹೇಳಾಕತ್ಯಾಳ."

ಹಣಮಪ್ಪ ತಟ್ಟೆಯ ಮುಂದೆ ಕೂತ. ರೊಟ್ಟಿ ಮುರಿದ, ಬಾಯಿಗೆ ಹಾಕಲಾಗಲಿಲ್ಲ. ತಾನು ಆಡಿದ ಸುಳ್ಳನ್ನು ಆ ಹೆಂಗಸು ನಂಬಿ, ಹಾಳಾದ ನೂಲನ್ನು ಮುಂದಿಟ್ಟುಕೊಂಡೇ, ತನಗಾಗಿ ನೆರೆಯವರ ಜೊತೆ ಜಗಳವಾಡಿದ್ದಳು. ಹಾಗೇ ಎದ್ದ. "ಎಲ್ಲಿಗ್ರಿ?" ಎಂದು ಶಾರವ್ವ ಕೇಳುವಷ್ಟರಲ್ಲಿ ಹೊಸ್ತಿಲು ದಾಟಿದ್ದ.

ಕಸ್ತೂರವ್ವ ಹಿತ್ತಲಲ್ಲಿ ಕೂತಿದ್ದಳು. ಎದುರಿಗೆ ದೊಡ್ಡ ಪಾತ್ರೆಯಲ್ಲಿ ನೂಲು ನೆನೆದಿತ್ತು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ ಅಳಿಯಾರ, ಕೂಡ್ರಿ" ಎಂದು ಮಣೆ ಸರಿಸಿದಳು. ಆ 'ರಿ' ಅವನಿಗೆ ಚುಚ್ಚಿತು. ಮಣೆಯ ಮೇಲೆ ಕೂಡದೆ ಅವನು ನಿಂತೇ ಹೇಳಿದ.

"ಅತ್ತಿ, ನೋಝಲ್ ಕೆಟ್ಟಿರಲಿಲ್ರಿ."

ಅವಳು ತಲೆ ಎತ್ತಿದಳು.

"ಹೊಗಿ ಬರಲಿ ಅಂತ ನಾನ ಮಾಡಿದ್ದು. ಆ ಹುಡುಗ ನೂಲು ಐತಿ, ಬ್ಯಾಡ ಅಂದ. ನಾನ ರೇಸ್ ಮಾಡ್ಸಿದ್ನಿ."

ಅವಳು ನೀರಿನಿಂದ ಕೈ ಹೊರತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡಳು. ಆಮೇಲೆ ಕೇಳಿದಳು: "ಆ ಕರಿದು ಏನ್ರಿ ಅದು?"

"ಪೂರಾ ಉರಿಲಾರದ ಎಣ್ಣಿರಿ."

"ಉರಿಲಾರದ್ನ ಯಾಕ ಹಾಕಿದ್ರಿ ಮತ್ತ?"

"ಮಂದಿ ನೋಡ್ಲಿ ಅಂತ."

"ನೋಡಿದ್ವಿ ಬಿಡ್ರಿ" ಅಂದಳು ಕಸ್ತೂರವ್ವ. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮತ್ತೆ ಕೈಯನ್ನು ನೀರಿಗೆ ಹಾಕಿ, "ನಾ ಮಂದಿಗೆ ಒಂದು ಹೇಳಿ ಬಂದೇನಿ. ಇನ್ನ ಹೋಗಿ ಇಲ್ಲ ಅಂತ ಹ್ಯಾಂಗ ಹೇಳ್ಲಿ? ನೀವ ಹೇಳ್ಕೋರಿ" ಅಂದಳು.

ಹಣಮಪ್ಪ ಆವತ್ತು ಸಂಜೆಯೇ ಮನೆ ಮನೆಗೆ ಹೋದ. ಲಾಡಬಿಯ ಬಾಗಿಲಲ್ಲಿ ನಿಂತು ಹೇಳುವಾಗ ಮಾತು ತೊದಲಿತು. ಅವಳು ಪೂರ್ತಿ ಕೇಳಿಸಿಕೊಂಡು, "ನನಗ ಗೊತ್ತಿತ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಜಹಾಂಗೀರ ಕುಂಚ ತೊಳೆಯುತ್ತಿದ್ದ. "ನಮ್ಮ ಅಣ್ಣ ಲಾರಿ ಹೊಡಿತಾನ. ಹೊಗಿ ನೋಡಿದ ಕೂಡ್ಲೆ ತಿಳೀತು. ಆದ್ರ ನೀ ಬಂದು ಹೇಳ್ತಿ ಅಂತ ತಿಳೀಲಿಲ್ಲ" ಅಂದ. ಹೊಗಳಿದನೋ ಚುಚ್ಚಿದನೋ ಹಣಮಪ್ಪನಿಗೆ ಗೊತ್ತಾಗಲಿಲ್ಲ. ಎಲ್ಲರಿಗೂ ಹೇಳಿ ಮುಗಿದ ಮೇಲೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದ. ಹಾಗಾಗಲಿಲ್ಲ.

ತೊಳೆಯುವಾಗ ನೂಲಿನಲ್ಲಿ ಸ್ವಲ್ಪ ಭಾಗ ಹರಿದು ಹೋಯಿತು. ಉಳಿದದ್ದನ್ನು ಕಸ್ತೂರವ್ವ ಬಣ್ಣದವರಿಗೆ ಕೊಟ್ಟು ಕಪ್ಪು ಮಾಡಿಸಿದಳು. ಮಸಿಯ ಮೇಲೆ ಇನ್ನಾವ ಬಣ್ಣವೂ ಕೂಡುತ್ತಿರಲಿಲ್ಲ. ಅದರಿಂದ ಚಂದ್ರಕಾಳಿ ಎನ್ನುವ ಕಪ್ಪು ಸೀರೆ ನೇಯ್ದಳು. ಮದುವೆಯವರಿಗೆ ಬೇರೆ ಹಾಸು ಬೇಕಾಯಿತು. ಅದಕ್ಕೆ ನೂಲನ್ನು ಹಣಮಪ್ಪ ತಂದುಕೊಟ್ಟ. ಅವಳು ಬೇಡ ಅನ್ನದೆ ತೆಗೆದುಕೊಂಡಳು. ಅಷ್ಟರಮಟ್ಟಿಗೆ ಅವನಿಗೆ ಉಸಿರಾಡಲು ಸಾಧ್ಯವಾಯಿತು.

ರಾಹುಲನ ಹತ್ತಿರವೂ ಹೋದ. ರಾಮಥಾಳದಲ್ಲಿ ಅವನ ಮನೆಯ ಮುಂದೆ ಲ್ಯಾಪ್‌ಟಾಪ್ ಹಿಡಿದು ನಿಂತು, "ನಿನ್ನ ಮ್ಯಾಲೆ ಹಾಕಿ ತಪ್ಪು ಮಾಡಿದ್ನಿ. ಗಾಡಿ ಕೊಡು, ಹೊಗಿ ನಿಲ್ಲಿಸಿ ಕೊಡ್ತೇನಿ. ಎಳಿಯೂದು ಈಗಿನಕಿಂತ ಚಲೋ ಆಕೈತಿ" ಅಂದ.

ರಾಹುಲ ತಪ್ಪಿನ ಮಾತಿಗೆ ಕೈ ಬೀಸಿ ಬಿಟ್ಟ. ಗಾಡಿಯ ಮಾತಿಗೆ ಮಾತ್ರ ಒಪ್ಪಲಿಲ್ಲ. "ಓಣಿಯಾಗ ಬಿಡೂದಿಲ್ಲ ಅಣ್ಣಾ, ಆಣಿ ಮಾಡ್ತೇನಿ. ಆದ್ರ ಹೊಗಿ ಇರ್ಲಿ. ಹೊಗಿ ನೋಡೇ ಎಲ್ಲಾರೂ ಹಣಮಪ್ಪನ ಗಾಡಿ ಬಂತು ಅಂತಾರ."

ಆ ಗಾಡಿ ಈಗಲೂ ಓಡುತ್ತಿದೆ. ಬಾಗಲಕೋಟೆ ರಸ್ತೆಯಲ್ಲಿ ಯಾವಾಗಲಾದರೂ ಎದುರಾದರೆ, ಅದರ ಹಿಂದೆ ಸೈಕಲ್ ಹೊಡೆಯುವವರು ಮೂಗು ಮುಚ್ಚಿಕೊಳ್ಳುವುದನ್ನು ಹಣಮಪ್ಪ ನೋಡುತ್ತಾನೆ. ಶೆಡ್ಡಿಗೆ ಬಂದವರಿಗೆ ಹೊಗೆಯ ಕೆಲಸ ಮಾಡುವುದಿಲ್ಲ ಎಂದುಬಿಟ್ಟಿದ್ದಾನೆ. ಅರ್ಧಕ್ಕರ್ಧ ಜನ ಬರುವುದನ್ನು ಬಿಟ್ಟರು. ಉಳಿದವರಲ್ಲಿ ಹೆಚ್ಚಿನವರು ಬಾಡಿಗೆ ಗಾಡಿಯವರು. ಬಾದಾಮಿಗೆ, ಶಿವಯೋಗ ಮಂದಿರಕ್ಕೆ ಜನ ತುಂಬಿಕೊಂಡು ಹೋಗುವವರು. ಏರಿನಲ್ಲಿ ಗಾಡಿ ಎಳೆಯಬೇಕು, ಡೀಸೆಲ್ ಉಳಿಯಬೇಕು ಅನ್ನುತ್ತಾರೆ. ಅವನು ಮಾಡಿಕೊಡುತ್ತಾನೆ, ಮಾಡಿದ ಮೇಲೆ ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು ನೋಡುತ್ತಾನೆ.

ಆ ಮುಂಜಾನೆಯ ನಂತರ ಅವನು ಓಣಿಯಲ್ಲಿ ಬೈಕ್ ಹೊಡೆದಿಲ್ಲ. ಓಣಿಯ ಬಾಯಲ್ಲೇ ಬಂದ್ ಮಾಡಿ ಮನೆಯವರೆಗೆ ತಳ್ಳಿಕೊಂಡು ಬರುತ್ತಾನೆ, ಹಾಸು ಹಾಕಿರಲಿ ಬಿಡಲಿ. ಕಸ್ತೂರವ್ವನಿಗೆ ಇದನ್ನು ನೋಡಿ ನೋಡಿ ಸಾಕಾಯಿತು. ಒಂದು ದಿನ ಕಟ್ಟೆಯ ಮೇಲಿಂದ, "ಹತ್ಕೊಂಡು ಹೋಗ್ರಿ ಅಳಿಯಾರ. ದಿನಾ ನೀವು ಹಿಂಗ ತಳ್ಕೊಂಡು ಬರೂದು ನೋಡಿ ನಮಗ ನಾಚಿಕಿ ಬರಾಕತ್ತೈತಿ" ಅಂದಳು.

ಹಣಮಪ್ಪ ಹೂಂ ಅಂದ. ಮರುದಿನವೂ ತಳ್ಳಿಕೊಂಡೇ ಬಂದ.