ಬೇಗ ಮುಗಿಸಿದ ವರ್ಷ

ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆರೆದಾಗ ಒಂದು ವಾಸನೆ ಬರುತ್ತದೆ. ಚರ್ಮದ್ದು, ಹಳೆಯ ಮರದ್ದು, ಅರಿವೆಯ ನಡುವೆ ಇಡುವ ಡಾಂಬರ ಗುಳಿಗೆಯದು, ಎಷ್ಟೋ ದಿನ ಒಳಗೇ ಕೂತು ಬೇಸತ್ತ ಗಾಳಿಯದು. ಈಚೆಗೆ ಪಕ್ಕದ ಮನೆಯವರ ಜೊತೆ ಪುಣೆಯ ಕ್ಯಾಂಪಿನಲ್ಲಿ ವಾದ್ಯ ರಿಪೇರಿ ಮಾಡುವ ಅಂಗಡಿಗೆ ಹೋಗಿದ್ದೆ. ಅವರ ಮಗಳ ಪೆಟ್ಟಿಗೆಯ ಒಂದು ಸ್ವರ ಸುಮ್ಮನೆ ಕೂಗುತ್ತಲೇ ಇತ್ತಂತೆ. ಅಂಗಡಿಯವನು ಮುಚ್ಚಳ ತೆಗೆದ, ವಾಸನೆ ಬಂತು, ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. "ಏನಾಯಿತು?" ಎಂದು ಅವರು ಮರಾಠಿಯಲ್ಲಿ ಕೇಳಿದರು. ಬಿಸಿಲಿಗೆ ತಲೆ ಸುತ್ತಿತು ಎಂದೆ. ಅಂಥ ಒಂದು ವಾಸನೆ ನಿಮಗೂ ಇರಬಹುದು. ಯಾರಿಗೂ ಹೇಳಲು ಬರುವುದಿಲ್ಲ, ಹೇಳಿದರೂ ಅವರು ಮೂಗಿನ ವಿಷಯ ಅಂದುಕೊಳ್ಳುತ್ತಾರೆ.

ನಾನು ಹುಡುಗಿಯಾಗಿದ್ದಾಗ ನಾರಾಯಣ ಪೇಟೆಯ ಒಂದು ವಾಡೆಯಲ್ಲಿ ನಮ್ಮದು ಎರಡು ಕೋಣೆಯ ಮನೆ. ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ, ಸುತ್ತಲೂ ಮರದ ಕಟಾಂಜನ. ಒಬ್ಬರ ಮನೆಯ ಒಗ್ಗರಣೆಗೆ ಆರು ಮನೆಯವರು ಸೀನುತ್ತಿದ್ದರು. ಈಗ ಅಲ್ಲಿ ಕಟ್ಟಡ ಎದ್ದಿದೆ, ಕೆಳಗೆ ಮೋಟಾರುಗಳು ನಿಲ್ಲುತ್ತವೆ. ಅಪ್ಪ ವಿಜಾಪುರದ ಕಡೆಯವರು, ಕ್ಯಾಂಪಿನ ಸರಕಾರಿ ಕಚೇರಿಯೊಂದರಲ್ಲಿ ಕ್ಲಾರ್ಕು. ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದರು. ಅಪ್ಪನ ತಾಯಿ, ನನ್ನ ಅಜ್ಜಿ, ನಮ್ಮ ಜೊತೆಗೇ ಇದ್ದಳು. ಪುಣೆಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಮರಾಠಿಯನ್ನು ತರಕಾರಿಯವಳ ಮುಂದೆ ಮಾತ್ರ, ಅದೂ ಜಗಳಕ್ಕೆ ಎಷ್ಟು ಬೇಕೋ ಅಷ್ಟೇ ಬಳಸುತ್ತಿದ್ದಳು. ಇನ್ನು ನನ್ನ ತಾಯಿ. ಓಣಿಯ ಮರಾಠಿ ಮಕ್ಕಳನ್ನು ನೋಡಿ ನಾನು ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆ.

ಆಯಿಗೆ ಹಾಡಲು ಬರುತ್ತಿರಲಿಲ್ಲ. ಆರತಿಗೆ ನಿಂತರೂ ಅವಳ ದನಿ ಎಲ್ಲರ ದನಿಗಿಂತ ಒಂದು ಮೆಟ್ಟಿಲು ಕೆಳಗೇ ಉಳಿಯುತ್ತಿತ್ತು, ಅಪ್ಪ ಕೆಮ್ಮಿದಂತೆ ಮಾಡಿ ನಗು ನುಂಗುತ್ತಿದ್ದರು. ಆದರೆ ಕೇಳುವುದು ಅವಳಿಗೆ ಪ್ರಾಣ. ರಾಗದ ಹೆಸರು ಗೊತ್ತಿಲ್ಲ, ತಾನು ಏನು ಮಾಡುತ್ತಿದ್ದಾಗ ಅದನ್ನು ಕೇಳಿದೆ ಎಂಬುದೇ ಅವಳಿಗೆ ಹೆಸರು. ಯಮನ್ ಅಂದರೆ ದೀಪ ಹಚ್ಚುವುದು, ಭೂಪ ಅಂದರೆ ಅಕ್ಕಿ ಆರಿಸುವುದು. ಭೀಮಪಲಾಸವನ್ನು ಒಂದು ಮಧ್ಯಾಹ್ನ ಅರಿವೆ ಮಡಚುತ್ತ ಕೇಳಿದ್ದಳು, ಅಂದಿನಿಂದ "ಆ ಅರಿವಿ ಮಡಚೂದು ಹಾಡ ನೋಡೋಣು" ಅನ್ನುವಳು. ನಮ್ಮ ಶಾಲೆಯಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯರು ಸಂಗೀತವನ್ನು ಪರೀಕ್ಷೆಯ ವಿಷಯವಾಗಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಂಡವರು ನಾವು ನಾಲ್ಕೇ ಜನ. ಹತ್ತನೆಯದಕ್ಕೆ ಬಂದು ಹಾಡುತ್ತ ಕೂಡುತ್ತಾರೆಯೇ ಎಂದು ಅಪ್ಪ ಗೊಣಗಿದಾಗ ಆಯಿ, "ಅಕಿ ಹಾಡಲಿ ಬಿಡ್ರಿ. ನನಗಂತೂ ಬರಲಿಲ್ಲ" ಎಂದಳು. ಮಾತು ಅಲ್ಲಿಗೇ ಮುಗಿಯಿತು. ನೀರಿನ ಟಾಕಿಯ ಪಕ್ಕದ ಕೋಣೆಯಲ್ಲಿ ಜಮಖಾನೆ ಹಾಸಿ ಕುಮುದತಾಯಿ ನಮಗೆ ಕಲಿಸುತ್ತಿದ್ದರು. ಶನಿವಾರ ಒಬ್ಬ ತಬಲಾದವರು ಬರುತ್ತಿದ್ದರು. ಮನೆಗೆ ಬಂದು ನಾನು ಅದನ್ನೇ ಮತ್ತೆ ಹಾಡಬೇಕು, ಆಯಿ ಅಡಿಗೆಮನೆಯಿಂದ "ಇನ್ನೊಮ್ಮೆ" ಅನ್ನಬೇಕು. ನನಗೆ ಅದು ರೇಜಿಗೆ ಅನ್ನಿಸುತ್ತಿತ್ತು.

ಶ್ರಾವಣದಲ್ಲಿ ಆಯಿಗೆ ಜ್ವರ ಬಂತು. ಜ್ವರ ಕಾಮಾಲೆಯಾಯಿತು, ಕಾಮಾಲೆ ಏನೋ ಆಯಿತು, ಡಾಕ್ಟರು ಹೇಳಿದ್ದನ್ನು ಅಪ್ಪ ಮನೆಯಲ್ಲಿ ಪೂರ್ತಿ ಹೇಳಲೇ ಇಲ್ಲ. ಬಹುಳ ಷಷ್ಠಿಯ ದಿನ ಅವಳು ಹೋದಳು. ಇದನ್ನು ಬರೆಯುವಾಗ ನನ್ನೊಳಗೆ ಏನಾದರೂ ಆಗಬೇಕು ಎಂದು ಕಾಯುತ್ತಿದ್ದೇನೆ. ಅಂದೂ ಹಾಗೆಯೇ ಕಾಯುತ್ತಿದ್ದೆ. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತರು, ನಾನು ಅವರ ಸೀರೆಯ ಅಂಚು ನೋಡುತ್ತ ನಿಂತಿದ್ದೆ. ಹುಡುಗಿ ಭಾಳ ಗಟ್ಟಿ ಅಂದರು. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗಿದ್ದೆ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಬೀಜಗಣಿತವೂ ತಲೆಗೆ ಹೋಗುತ್ತಿತ್ತು.

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ, ಸಿಹಿಯಿಲ್ಲ, ಹಾಡು ಬಜಾವಣೆ ಇಲ್ಲ. ಅಜ್ಜಿ ಹಾರ್ಮೋನಿಯಮ್ಮಿಗೆ ಹಳೆಯ ಚಾದರ ಹೊದಿಸಿ ಟ್ರಂಕಿನ ಹಿಂದೆ ಸರಿಸಿದಳು. ನನಗೆ ಅದರಲ್ಲಿ ತಕರಾರು ಇರಲಿಲ್ಲ. ಶಾಲೆಯಲ್ಲಿಯೂ ಬರಿದೆ ಕೂತು ತಾಳ ಹಾಕುತ್ತಿದ್ದೆ. ಮನೆಯಲ್ಲಿ ಹಾಡಬಾರದ್ದನ್ನು ಶಾಲೆಯಲ್ಲಿ ಹಾಡಿದರೆ ಅದೇನು ಹಾಡಲ್ಲವೇ ಎಂದು ಅಜ್ಜಿ ಮೊದಲೇ ಹೇಳಿಬಿಟ್ಟಿದ್ದಳು. ಪುಸ್ತಕದಲ್ಲಿ ಬರೆದ ರಾಗದ ಲಕ್ಷಣಗಳನ್ನು ಬಾಯಿಪಾಠ ಮಾಡಿದೆ. ಸಂಜೆ ಗೋಡೆಗೆ ಒರಗಿ ಕೂತು ತೊಡೆಯ ಮೇಲೆ ಬೆರಳೆಣಿಸುತ್ತ, ದನಿ ಇಲ್ಲದೆ ಬಾಯಿ ಮಾತ್ರ ಆಡಿಸುತ್ತ ಆಲಾಪದಿಂದ ಹಿಡಿದು ತಾನಗಳವರೆಗೆ ಇಡೀ ರಾಗ ಮುಗಿಸುತ್ತಿದ್ದೆ. ಅಡಿಗೆಮನೆಯಿಂದ ಯಾರೂ ಏನೂ ಅನ್ನುತ್ತಿರಲಿಲ್ಲ.

ಆ ದಿನಗಳಲ್ಲಿ ಅಪ್ಪನನ್ನು ನಡೆಸಿದ್ದು ಮಾಸಿಕ ಶ್ರಾದ್ಧಗಳು. ಪ್ರತಿ ತಿಂಗಳು ಷಷ್ಠಿಯ ದಿನ ಆಚಾರ್ಯರು ಬಂದು ಆಯಿಯ ಹೆಸರಿನಲ್ಲಿ ಪಿಂಡ ಇಡಿಸುತ್ತಿದ್ದರು, ಒಬ್ಬ ಮುತ್ತೈದೆಯನ್ನು ಕರೆದು ಊಟಕ್ಕೆ ಕೂಡಿಸುತ್ತಿದ್ದೆವು. ತನ್ನ ಕರವಸ್ತ್ರ ಎಲ್ಲಿದೆ ಎಂದು ತಿಳಿಯದಿದ್ದ ಮನುಷ್ಯ ಹಿಂದಿನ ದಿನವೇ ಮಂಡಯಿ ಮಾರುಕಟ್ಟೆಗೆ ಹೋಗಿ ಬಾಳೆ ಎಲೆ, ಹಾಗಲಕಾಯಿ ಆರಿಸಿ ತರುತ್ತಿದ್ದರು. ರಜೆ ಹಾಕುತ್ತಿದ್ದರು. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಮಡಿ ಪಂಚೆ ಉಟ್ಟು, ಆಚಾರ್ಯರ ಸ್ಕೂಟರಿನ ಸದ್ದಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ಒಂದು ದಿನ ಅವರ ಮುಖದಲ್ಲಿ ಏನೋ ಕೆಲಸ ಇರುತ್ತಿತ್ತು. ಮರುದಿನವೇ ಮುಂದಿನ ಷಷ್ಠಿ ಯಾವತ್ತು ಎಂಬುದನ್ನು ಪಂಚಾಂಗದಲ್ಲಿ ನೋಡಿಟ್ಟುಕೊಳ್ಳುತ್ತಿದ್ದರು.

ಸಂಕ್ರಾಂತಿ ಹತ್ತಿರ ಬಂದಾಗ ಕುಮುದತಾಯಿ ಮನೆಗೆ ಬಂದರು. ಹೊರಗಿನ ಪರೀಕ್ಷಕರು ಬರುತ್ತಾರೆ, ತಬಲಾದ ಜೊತೆ ಹಾಡಿ ತೋರಿಸಬೇಕು, ಹಾಡದಿದ್ದರೆ ಈ ವಿಷಯದಲ್ಲಿ ಪಾಸಾಗುವುದಿಲ್ಲ, ಹತ್ತನೆಯದೇ ನಿಂತುಹೋಗುತ್ತದೆ, ಐದು ತಿಂಗಳಿಂದ ಈ ಹುಡುಗಿ ಒಂದು ಸಾ ಕೂಡ ಹಚ್ಚಿಲ್ಲ ಎಂದು ಮರಾಠಿಯಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು. ಅಜ್ಜಿಗೆ ಎಲ್ಲ ತಿಳಿಯಿತು. ಅವರು ಹೋದ ಮೇಲೆ ನನ್ನ ಕಡೆ ನೋಡಿ, "ದಿನಾ ಸಂಜೀಕ ಮೂಕಿ ಹಂಗ ಬಾಯಿ ಆಡಸತೀಯಲ್ಲ, ಅದು ಇದ ಏನು?" ಎಂದಳು. ಹೌದು ಎಂದೆ. ನಾನು ದೇವರಿಗೆ ಏನೋ ಬೇಡಿಕೊಳ್ಳುತ್ತಿದ್ದೇನೆ ಎಂದು ಅವಳು ತಿಳಿದಿದ್ದಳಂತೆ.

ಆಚಾರ್ಯರು ಮುಂದಿನ ಮಾಸಿಕಕ್ಕೆ ಬಂದಾಗ ಅಜ್ಜಿ ಅವರ ಮುಂದೆ ಚಹದ ಬಟ್ಟಲು ಇಟ್ಟು, ವರ್ಷ ತುಂಬಿದಾಗ ಮಾಡುವ ವರ್ಷಾಂತಿಕವನ್ನು ಮುಂಚೆಯೇ ಮಾಡಿ ಮುಗಿಸಲು ಬರುತ್ತದೆಯೇ ಎಂದು ಕೇಳಿದಳು.

"ಮನ್ಯಾಗ ಮದವಿ ಅದ ಏನ್ರಿ?"

"ಮದವಿ ಇಲ್ರಿ. ಹುಡಿಗೀದು ಸಂಗೀತದ ಪರೀಕ್ಷಾ ಅದ."

ಆಚಾರ್ಯರು ಚಹ ಕೆಳಗಿಟ್ಟರು. "ಮದವಿ, ಮುಂಜಿವಿ ಇದ್ರ ಎಳಕೊಂಡು ಮಾಡತೀವ್ರಿ ಅಮ್ಮ. ಪರೀಕ್ಷಾಕ್ಕ ಇಲ್ಲೀತನಕಾ ಯಾರೂ ಕೇಳಿಲ್ಲ."

"ಯಾರರೆ ಒಬ್ರು ಮದಲ ಕೇಳಬೇಕಲ್ರಿ. ಶಾಸ್ತ್ರ ಮುರೀರಿ ಅಂತ ನಾ ಅನ್ನೂದಿಲ್ಲ. ಮದವಿ ಮನಿಗೆ ಹೆಂಗ ಮಾಡತೀರಿ, ಹಂಗ ಮಾಡ್ರಿ."

ಅಪ್ಪ ಕಂಬದ ಹತ್ತಿರ ನಿಂತಿದ್ದರು. ಆಚಾರ್ಯರು ಅವರ ಕಡೆ ನೋಡಿದರು. ಅಪ್ಪ ನನ್ನ ಕಡೆ ನೋಡಿ, "ಅಕಿ ಪರೀಕ್ಷಾ ಆಗ್ಲಿ" ಎಂದರು.

ಮಾಘದಲ್ಲಿ ಒಂದು ದಿನ ಗೊತ್ತಾಯಿತು. ಉಳಿದ ತಿಂಗಳುಗಳ ಮಾಸಿಕಗಳನ್ನೆಲ್ಲ ಒಂದರ ಹಿಂದೊಂದು ಅಂದೇ ಮಾಡಿಸಿ, ವರ್ಷಾಂತಿಕವನ್ನೂ ಮಾಡಿದರು. ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೆ ಅಪ್ಪ ಕೂತಲ್ಲಿಂದ ಏಳಲಿಲ್ಲ. ವಾಡೆಯ ಜನ ಸಿಹಿ ಊಟ ಮಾಡಿ ಹೋದರು. ಸಂಜೆ ಅಜ್ಜಿ ಹಾರ್ಮೋನಿಯಮ್ಮಿನ ಚಾದರ ತೆಗೆದು, ನಾಲ್ಕಾಗಿ ಮಡಚಿ, "ಹಚ್ಚ ಇನ್ನ" ಎಂದಳು. ಸಾ ಹಚ್ಚಿದೆ. ಅದು ಮೊದಲಿದ್ದಲ್ಲಿಯೇ ಇತ್ತು. ನನಗೆ ಅದರ ಬಗ್ಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ.

ಪರೀಕ್ಷೆಯ ದಿನ ಭೀಮಪಲಾಸವೇ ಬಂತು. ಪರೀಕ್ಷಕರು ಬಿಳಿ ಟೊಪ್ಪಿಗೆಯ ಮುದುಕರು, ಮೊದಲು ಕಣ್ಣು ಮುಚ್ಚಿ ಕೂತಿದ್ದವರು ಆಮೇಲೆ ತೆರೆದರು. ತಬಲಾದವರು ಸಮ್ಮಿಗೆ, ತಾಳದ ಮೊದಲ ಪೆಟ್ಟಿಗೆ, ತಲೆ ಹಾಕಿದರು. ಎಲ್ಲವೂ ಸರಿಯಾಗಿ ಬಂತು. ಯಾವ ಸ್ವರವೂ ಜಾರಲಿಲ್ಲ, ಯಾವ ಮಾತ್ರೆಯೂ ತಪ್ಪಲಿಲ್ಲ. ಪಕ್ಕದ ಕೋಣೆಯಲ್ಲಿ ಬೇರೆ ಯಾರೋ ಹುಡುಗಿ ಹಾಡುತ್ತಿದ್ದಾಳೆ, ಚೆನ್ನಾಗಿ ಕಲಿತಿದ್ದಾಳೆ ಅನ್ನಿಸುತ್ತಿತ್ತು. ಮುದುಕರು ಶಾಬಾಸ್ ಅಂದರು, ಮನೆಯಲ್ಲಿ ಯಾರು ಹಾಡುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಕುಮುದತಾಯಿ ಹೊರಗೆ ಬಂದು ಕಣ್ಣೊರೆಸಿಕೊಂಡು ನನಗೆ ಪೇಢೆ ಕೊಟ್ಟರು. ಅದನ್ನು ತಿಂದೆ.

ಬರೆಯುವ ಪರೀಕ್ಷೆಗಳು ಶುರುವಾದವು. ನಾಳೆ ಭೂಗೋಳ ಅನ್ನುವ ದಿನ ನಾನು ಬೇಗ ಎದ್ದು ಅಡಿಗೆಮನೆಯ ಬಾಗಿಲ ಹತ್ತಿರ ಓದುತ್ತ ಕೂತಿದ್ದೆ. ಅಪ್ಪ ತಲೆಯಿಂದ ನೀರು ಇಳಿಸುತ್ತ, ಮಡಿ ಪಂಚೆ ಉಟ್ಟು, ಕೈಯಲ್ಲಿ ಬಾಳೆ ಎಲೆಯ ಸುರುಳಿ ಹಿಡಿದು ಒಳಗೆ ಬಂದರು. ಅಜ್ಜಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಏನಪಾ ಇದು?"

"ಷಷ್ಠಿ ಅಲ್ಲೇನವ್ವಾ ಇವತ್ತ?"

"ಎಲ್ಲಾ ಮುಗದಾವಲ್ಲೋ. ಅವತ್ತ ಒಂದ ದಿನಾ ಕೂತು ಎಲ್ಲಾ ಮಾಡಿದ್ಯಲ್ಲ."

ಅಪ್ಪ ಹೌದಲ್ಲ ಅಂದರು. ಎಲೆಯ ಸುರುಳಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡರು. "ರಜಾ ಹಾಕೀನಿ" ಎಂದರು. ಆಮೇಲೆ, ಅಜ್ಜಿಗಲ್ಲ, ಗೋಡೆಗೂ ಅಲ್ಲ, ಸುಮ್ಮನೆ ಕೇಳಿದರು: "ಹಂಗಾದ್ರ ಇವತ್ತ ನಾ ಏನ್ ಮಾಡ್ಲಿ?" ಅಜ್ಜಿ ಕೈ ಚಾಚಿದಳು. ಎಲೆಯನ್ನು ಅವರ ಕೈಯಿಂದ ಇಸಿದುಕೊಂಡಳು, ಅಷ್ಟೇ. ಆಗ ಅಪ್ಪ ನನ್ನ ಎದುರು ಬಂದು ಕುಕ್ಕರಗಾಲಿನಲ್ಲಿ ಕೂತರು. ನನ್ನ ಹಾಡಿನ ಬಗ್ಗೆ ಅಂದಿನವರೆಗೆ ಒಂದು ಮಾತೂ ಆಡದ ಅಪ್ಪ, "ಅವತ್ತ ಪರೀಕ್ಷಾಕ್ಕ ಹಾಡಿದ್ಯಲ್ಲ, ಅದನ್ನ ಒಂದಿಷ್ಟು ಹಾಡ್ತೀ ಏನು?" ಎಂದರು. ಪುಸ್ತಕ ಮುಚ್ಚಿದೆ. ಬಾಯಿ ತೆರೆದೆ. ದನಿ ಬರಲಿಲ್ಲ. ದನಿ ಇರುವ ಜಾಗದಲ್ಲಿ ಏನೂ ಇರಲಿಲ್ಲ. ಅಪ್ಪ ಕಾಯುತ್ತಿದ್ದರು, ಅವರ ಕೂದಲಿನ ನೀರು ನೆಲದ ಮೇಲೆ ಬೀಳುತ್ತಿತ್ತು. ಮತ್ತೊಮ್ಮೆ ಬಾಯಿ ತೆರೆದೆ. "ಇರ್ಲಿ ಬಿಡವಾ, ನಾಳೆ ನಿಂದು ಭೂಗೋಳ ಅದ" ಎಂದು ನನ್ನ ತಲೆ ಮುಟ್ಟಿ ಎದ್ದರು. ಪಂಚೆ ಬದಲಿಸಿ, ಪ್ಯಾಂಟು ಹಾಕಿಕೊಂಡು, ರಜೆಯ ದಿನವೂ ಕಚೇರಿಗೆ ಹೋದರು.

ಸೈಕಲ್ಲು ಅಂಗಳ ದಾಟಿ ದೊಡ್ಡ ಬಾಗಿಲ ಹೊಸ್ತಿಲು ಹತ್ತಿ ಇಳಿದ ಸದ್ದು ಕೇಳಿಸಿತು. ಆಗ ನನಗೆ ಅಳು ಬಂತು. ಶ್ರಾವಣದಿಂದ ಬಾರದ್ದು ಒಮ್ಮೆಲೇ ಬಂತು. ತಡೆಯಲು ಪುಸ್ತಕವನ್ನು ಬಾಯಿಗೆ ಒತ್ತಿಕೊಂಡೆ. ವರ್ಷ ಮುಗಿದ ಮನೆಯಲ್ಲಿ ಹೀಗೆ ಅಳುವುದು ನೆರೆಹೊರೆಗೆ ಕೇಳಬಾರದು, ಅಷ್ಟು ನನಗೂ ತಿಳಿದಿತ್ತು. ಅಜ್ಜಿ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಹೊರಗಿನ ಬಾಗಿಲ ಅಗಳಿ ಹಾಕಿದಳು. ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕೂತು, ಪುಸ್ತಕವನ್ನು ಮೆಲ್ಲಗೆ ಬಾಯಿಂದ ತೆಗೆದಳು.

"ಅಳವಾ" ಎಂದಳು. "ಬಾಗಲಾ ಹಾಕೀನಿ."