ಇಂಗ್ಲಿಷಿಗೆ ತಾಗದ ಆಣೆ

ಆಗೆಲ್ಲ ನಮ್ಮ ತೀರ್ಥಹಳ್ಳಿ ಕಡೆ ಎರಡು ಮನೆಯವರು ಜಗಳವಾಡಿದರೆ ಬೈದಾಡಿ ಸುಮ್ಮನಾಗುತ್ತಿರಲಿಲ್ಲ, ದೇವರ ಆಣೆ ಇಟ್ಟು ಮಾತು ಬಿಡುತ್ತಿದ್ದರು. ಇಬ್ಬರೂ ಒಟ್ಟಿಗೆ ದೇವಸ್ಥಾನಕ್ಕೆ ಹೋಗಿ ಕಾಣಿಕೆ ಹಾಕಿ ಬಿಡಿಸಿಕೊಳ್ಳುವ ತನಕ ಆ ಆಣೆ ಮಕ್ಕಳು ಮರಿಗೂ ಕಟ್ಟಿದ್ದೇ. ಅರವತ್ತರ ದಶಕದ ಒಂದು ಬೇಸಿಗೆ, ನಾನು ಏಳನೇ ಕ್ಲಾಸು. ಅಜ್ಜಿ ತೀರಿಕೊಂಡ ಮೇಲೆ ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಎಂದು ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬೆಳೆಯಿತು.

"ಇನ್ನು ನಿಮ್ಮನೆಯವ್ರ ಹತ್ರ ನಮ್ಮನೆಯವ್ರು ಒಂದು ಮಾತಾಡಿದ್ರೂ ಮಂಜುನಾಥನ ಆಣೆ!" ಎಂದುಬಿಟ್ಟ ಅಪ್ಪ.

ದೊಡ್ಡಪ್ಪನ ಮಗಳು ಸುಮಿತ್ರೆ ನನ್ನದೇ ಕ್ಲಾಸು, ನನ್ನದೇ ಬೆಂಚು. ನಾವಿಬ್ಬರೂ ಕುಂಟಾಬಿಲ್ಲೆ ಆಡುತ್ತಿದ್ದ ಅಂಗಳದ ನಡುವೆ ಮರುದಿನವೇ ಬೇಲಿ ಬಂತು. ದೊಡ್ಡಮ್ಮ ಮಾವಿನ ಮಿಡಿಗೆ ಸಾಸಿವೆ ಅರೆದ ವಾಸನೆ ಬೇಲಿ ದಾಟಿ ಬರುತ್ತಿತ್ತು. ಬಾಯಲ್ಲಿ ನೀರೂರುತ್ತಿತ್ತು, ಅದಕ್ಕೇ ಸಿಟ್ಟು ಇನ್ನಷ್ಟು ಏರುತ್ತಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಅವಳ ಹತ್ತಿರ ಮಾತಿಲ್ಲ ಎನ್ನುವುದಕ್ಕಿಂತ ಅವಳನ್ನು ಬೈಯುವಂತಿಲ್ಲ ಎನ್ನುವುದೇ ದೊಡ್ಡ ಸಂಕಟವಾಗಿತ್ತು.

ಆ ವಾರ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ 'ಕ್ವಾರಲ್' ಎಂದು ಬರೆದರು. ಜಗಳವಾಡು ಎಂದು ಅರ್ಥ ಹೇಳಿ, "ಮನೇಲಿ, ಬೀದೀಲಿ ನೋಡಿದ್ದನ್ನೇ ಇಟ್ಕಂಡು ದಿನಾ ಒಬ್ಬೊಬ್ರು ಒಂದೊಂದು ವಾಕ್ಯ ಹೇಳ್ಬೇಕು" ಎಂದರು. ಎಲ್ಲರೂ ನಾಯಿ ಬೆಕ್ಕುಗಳ ಜಗಳ ಹೇಳಿ ಕುಳಿತರು. ನಾನು ಎದ್ದು, ಪಕ್ಕದ ಸುಮಿತ್ರೆಯನ್ನೇ ನೋಡುತ್ತ, "ಮೈ ಅಂಕಲ್ ಕ್ವಾರಲ್ಸ್ ಫಾರ್ ಎ ಹಂಡೆ" ಎಂದೆ. ಕ್ಲಾಸು ಗೊಳ್ಳೆಂದಿತು. ಅವಳೂ ಬಿಡಲಿಲ್ಲ. "ಹರ್ ಮದರ್ ಕ್ವಾರಲ್ಸ್ ಲೈಕ್ ಎ ಕ್ರೋ" ಎಂದು ನನ್ನಮ್ಮನನ್ನು ಕಾಗೆ ಮಾಡಿದಳು.

ಮನೆಗೆ ಬಂದು ಅಮ್ಮನನ್ನು ಕೇಳಿದೆ, "ಅಮ್ಮಾ, ಇಂಗ್ಲಿಷಲ್ಲಿ ಮಾತಾಡಿದ್ರೆ ಆಣೆ ತಾಗ್ತದಾ?"

"ಮಂಜುನಾಥಂಗೆ ಇಂಗ್ಲಿಷ್ ಬರಲ್ಲ ಅಂತ ನಿಂಗೆ ಯಾರೇ ಹೇಳಿದ್ದು? ಸುಮ್ನೆ ಕೂತ್ಕ ಮಾರಾಯ್ತಿ."

ಪಾಠ ಒಪ್ಪಿಸಿದರೆ ಮಾತಾಡಿದ ಹಾಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಸುಮಿತ್ರೆಯೂ ಕೊಟ್ಟುಕೊಂಡಿರಬೇಕು. ವಾರವಿಡೀ ಡಿಕ್ಷನರಿ ಹುಡುಕಿ ಬೈಗುಳ ಹೊಂದಿಸಿಕೊಂಡು ಬಂದೆವು. ಒಂದು ದಿನ ಅವಳಪ್ಪ ಕಳ್ಳನಾದ, ಮರುದಿನ ನನ್ನಪ್ಪ ಕೋಣನಾದ. ಮೇಷ್ಟ್ರಿಗೆ ಖುಷಿಯೋ ಖುಷಿ. "ಇವ್ರಿಬ್ರನ್ನ ನೋಡಿ ಕಲೀರಿ" ಎನ್ನುತ್ತಿದ್ದರು.

ಶನಿವಾರ ಸುಮಿತ್ರೆಯ ಸರದಿ ಮೊದಲು ಬಂತು. ಅವಳು ಬೋರ್ಡನ್ನು ನೋಡಲಿಲ್ಲ, ನನ್ನ ಕಡೆ ತಿರುಗಿದಳು. "ಐ ಡು ನಾಟ್ ಕ್ವಾರಲ್ ವಿತ್ ಯು" ಎಂದಳು. ನಿನ್ನ ಹತ್ತಿರ ನನಗೆ ಜಗಳ ಇಲ್ಲ ಎಂದು. ಅವತ್ತು ಯಾರೂ ನಗಲಿಲ್ಲ. ನಾನು ಒಂದು ಒಳ್ಳೆಯ ವಾಕ್ಯ ಹೇಳಿದ್ದರೆ ಸಾಕಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತು, "ಐ ವಿಲ್ ಕ್ವಾರಲ್ ವಿತ್ ಯು ಆಲ್ವೇಸ್" ಎಂದೆ. ಯಾವತ್ತಿಗೂ ಜಗಳವೇ ಎಂದು. ಮೇಷ್ಟ್ರು ಚಪ್ಪಾಳೆ ಹೊಡೆಸಿದರು.

ಸೋಮವಾರ ಅವಳು ಬೇರೆ ಬೆಂಚಿಗೆ ಹೋದಳು. ಪರೀಕ್ಷೆ ಮುಗಿದ ಮೇಲೆ ದೊಡ್ಡಪ್ಪ ಕಾರ್ಗಲ್ಲಿನಲ್ಲಿ ಕೆಲಸ ಹಿಡಿದು ಸಂಸಾರ ಸಮೇತ ಹೊರಟ. ಸಾಮಾನು ತುಂಬಿದ ಲಾರಿಯಿಂದ ಸುಮಿತ್ರೆ ನಮ್ಮ ಮನೆ ಕಡೆ ನೋಡಿದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ಅಪ್ಪ, ದೊಡ್ಡಪ್ಪ ಇಬ್ಬರೂ ಆಣೆ ಬಿಡಿಸಿಕೊಳ್ಳದೆಯೇ ತೀರಿಕೊಂಡರು. ಈಗ ನಮ್ಮ ಕಡೆ ಯಾರೂ ಹಾಗೆ ಆಣೆ ಇಡುವುದಿಲ್ಲ. ಬಿಡಿಸಿಕೊಳ್ಳಲು ಒಟ್ಟಿಗೆ ಹೋಗುವಷ್ಟು ಹತ್ತಿರದವರೂ ಯಾರಿಗೂ ಉಳಿದಿಲ್ಲ. ನಾನಂತೂ ದೇವರ ಹೆಸರು ಹೇಳಿಕೊಂಡು ನನ್ನ ಹಟವನ್ನೇ ಸಾಕಿದೆ.

ಹೋದ ವರ್ಷ ಅಂಚೆಯಲ್ಲಿ ವೈಕುಂಠ ಸಮಾರಾಧನೆಯ ಕಾರ್ಡು ಬಂತು. ಸುಮಿತ್ರೆಯದು. ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ. "ಅಮ್ಮನ ಡೈರಿಯಲ್ಲಿ ನಿಮ್ಮ ವಿಳಾಸ ಇತ್ತು" ಎಂದ ಅವಳ ಮಗ. ಕಾರ್ಡಿನಲ್ಲಿದ್ದದ್ದು ಶಿವಮೊಗ್ಗದ ವಿಳಾಸ, ನನ್ನ ಮಗಳ ಮನೆಯ ಹಿಂದಿನ ಬೀದಿ. ಇಪ್ಪತ್ತು ವರ್ಷದಿಂದ ಅವಳು ಅಲ್ಲೇ ಇದ್ದಳಂತೆ. ತಿಂಗಳಿಗೊಮ್ಮೆ ಮಗಳ ಮನೆಗೆ ಹೋದಾಗ ನಾನು ಹೂ ಕೊಳ್ಳುವುದು ಆ ಬೀದಿಯಲ್ಲೇ.