ನಾಯಿಯ ಕಣ್ಣಿಗೆ ಅಕ್ಕನ ಉಪ್ಪುನೀರು

ನಾವು ಜಯನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಎದುರಿಗೂ ಪಕ್ಕದಲ್ಲೂ ಮರಳು, ಇಟ್ಟಿಗೆ, ಜಲ್ಲಿಯ ರಾಶಿ. ಗಾಳಿ ಎದ್ದರೆ ಕೆಂಪು ಧೂಳು ನೇರವಾಗಿ ನಮ್ಮ ಹಿತ್ತಿಲಿಗೆ ಬಂದು ಕೂರುತ್ತಿತ್ತು. ಅಮ್ಮ ಅಪ್ಪನ ಬಿಳಿ ಪಂಚೆಯನ್ನು ಎರಡೆರಡು ಸಲ ಒಗೆಯುತ್ತಿದ್ದಳು, ಎರಡನೆಯ ಸಲ ಇಡೀ ಬಡಾವಣೆಯನ್ನು ಬೈಯುತ್ತ.

ನಾಯಿ ಬಂದದ್ದು ಸಾರಕ್ಕಿಯಿಂದ. ಸೊಪ್ಪು ಮಾರುವ ಹೆಂಗಸಿನ ಹಿಂದೆ ಬಂತು. ಅವಳು ಹೋದಳು, ಅದು ಉಳಿಯಿತು. ಕಂದು ಬಣ್ಣದ ಬೀದಿ ನಾಯಿ, ಹೇಳಿಕೊಳ್ಳುವಂಥ ಚೆಲುವೇನೂ ಇಲ್ಲ. ಅಮ್ಮ ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ಅಕ್ಕ ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕ ಅದಕ್ಕೊಂದು ಗೋಣಿಚೀಲ ಹಾಸಿದಳು. ಧೂಳು ಎದ್ದಾಗಲೆಲ್ಲ ಅದರ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಪಿಸುರು ಕಟ್ಟಿ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು.

ಮದ್ದು ಹೇಳುವುದಕ್ಕೆ ಬೀದಿಯವರೆಲ್ಲ ಪಂಡಿತರೇ. ಪಕ್ಕದ ಮನೆಯವರು ಹರಳೆಣ್ಣೆ ಬಿಡಿ ಎಂದರು. ಎದುರು ಮನೆಯವರು ಹೊನಗೊನೆ ಸೊಪ್ಪಿನ ಕಾಡಿಗೆ ತೀಡಿ, ತಂಪು ಎಂದರು. ಕಾಡಿಗೆ ಹಚ್ಚಿದ ಮೇಲೆ ಹೂವನ್ನೂ ಮುಡಿಸಿ ಹಸೆಮಣೆಯ ಮೇಲೆ ಕೂರಿಸೋಣ ಎಂದು ಅಕ್ಕ ನಕ್ಕಳು. ಅವಳದು ಒಂದೇ ಮದ್ದು. ನೀರನ್ನು ಚೆನ್ನಾಗಿ ಕುದಿಸಿ, ಒಂದು ಚಿಟಿಕೆ ಉಪ್ಪು ಹಾಕಿ, ಆರಿಸಿ, ಸೋಸುವುದು. ಬಿಸಿ ಹೋಗಿದೆಯೇ ಎಂದು ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡುವುದು. ಅಪ್ಪನ ಹಳೇ ಪಂಚೆಯ ಮೆತ್ತನೆಯ ಚೂರನ್ನು ಅದರಲ್ಲಿ ಅದ್ದಿ, ಪಿಸುರು ನೆನೆಯುವವರೆಗೂ ರೆಪ್ಪೆಯ ಮೇಲೆ ಸುಮ್ಮನೆ ಇಟ್ಟುಕೊಂಡಿರುವುದು. ಆಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸುವುದು. ಒಂದು ಕಣ್ಣಿನ ಬಟ್ಟೆ ಇನ್ನೊಂದಕ್ಕೆ ತಾಗಕೂಡದು. ಎರಡು ಮೂರು ದಿನಕ್ಕೂ ಕೆಂಪು ಇಳಿಯದಿದ್ದರೆ ದನದ ಡಾಕ್ಟರ ಹತ್ತಿರ ಹೋಗಬೇಕು, ನಮ್ಮ ಜಾಣತನ ಅಲ್ಲಿಗೆ ಸಾಕು ಎನ್ನುತ್ತಿದ್ದಳು. ನಾಯಿಗೆ ಇದೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಪಾತ್ರೆಯ ಸದ್ದು ಕೇಳಿದ ಕೂಡಲೇ ತಾನಾಗಿಯೇ ಮುಖ ಎತ್ತಿಕೊಂಡು ಕೂರುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ, ವೈಶಾಖದಲ್ಲಿ, ಅಕ್ಕನ ಮದುವೆಯಾಯಿತು. ಅರಸೀಕೆರೆಯ ಕಡೆಗೆ ಕೊಟ್ಟರು. ಅವಳಿಲ್ಲದ ಮನೆಯಲ್ಲಿ ನನಗೆ ಜಡೆ ಹಾಕಿಸಿಕೊಳ್ಳುವುದೂ ಬೇಡವಾಯಿತು. ಅಮ್ಮ ಹಾಕಿದರೆ ಬಿಗಿಯೆಂದು ಅಳುತ್ತಿದ್ದೆ, ಸಡಿಲ ಮಾಡಿದರೆ ಅದಕ್ಕೂ ಅಳುತ್ತಿದ್ದೆ. ಆಷಾಢ ಬರಲಿ, ಅಕ್ಕ ಬರುತ್ತಾಳೆ ಎಂದು ಅಮ್ಮ ಸಮಾಧಾನ ಹೇಳಿದಳು. ಆಷಾಢದಲ್ಲಿ ಅತ್ತೆಯೂ ಹೊಸ ಸೊಸೆಯೂ ಒಂದೇ ಬಾಗಿಲಲ್ಲಿ ಓಡಾಡಬಾರದಂತೆ, ಅದಕ್ಕೆ ಸೊಸೆಯನ್ನು ತಿಂಗಳ ಮಟ್ಟಿಗೆ ತವರಿಗೆ ಕಳಿಸುತ್ತಾರಂತೆ. ಇಷ್ಟು ಒಳ್ಳೆಯ ಶಾಸ್ತ್ರವನ್ನು ಯಾರು ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಅಕ್ಕ ಬಂದಳು. ಆಷಾಢದ ಗಾಳಿಯೂ ಬಂತು, ನಾಯಿಯ ಕಣ್ಣು ಹಿಂದೆಂದಿಗಿಂತ ಕೆಟ್ಟಿತು. ಅಕ್ಕ ದಿನವೂ ಒರೆಸಿ ಅದನ್ನು ತಹಬಂದಿಗೆ ತಂದಳು. ಕೊನೆಯ ವಾರ ಬಟ್ಟೆಯ ಚೂರುಗಳನ್ನೂ ಪಾತ್ರೆಯನ್ನೂ ನನ್ನ ಕೈಗೆ ಕೊಟ್ಟು, ತಾನು ಹೋದ ಮೇಲೆ ಈ ಕೆಲಸ ನಿನ್ನದೇ, ಈಗಲೇ ಕೈ ಕುದುರಲಿ ಎಂದಳು. ಹೋದ ಮೇಲೆ ಎಂಬುದಷ್ಟೇ ನನ್ನ ಕಿವಿಗೆ ಬಿದ್ದದ್ದು.

ಮಾರನೆಯ ಬೆಳಿಗ್ಗೆ ನೀರನ್ನು ತೆಗೆದುಕೊಂಡು ಹೋಗಿ ದಾಸವಾಳದ ಬುಡಕ್ಕೆ ಸುರಿದೆ. ಒಳಗೆ ಬಂದು ಒರೆಸಿದೆ ಎಂದೆ. ಕಣ್ಣು ಕೆಟ್ಟರೆ ನಾಯಿಯನ್ನು ಬಿಟ್ಟು ಅಕ್ಕ ಹೇಗೆ ಹೋಗುತ್ತಾಳೆ ಎಂಬುದು ನನ್ನ ಲೆಕ್ಕ. ಹೀಗೆ ಮೂರು ಬೆಳಗು. ಮೂರನೆಯ ದಿನ ಎರಡು ಕಣ್ಣೂ ಪೂರಾ ಅಂಟಿಹೋಗಿದ್ದವು. ಆ ಮೂರು ದಿನವೂ ನಾಯಿ ಎಂದಿನಂತೆ ಮುಖ ಎತ್ತಿಕೊಂಡು ಕೂತು ಬಾಲ ಆಡಿಸಿತು. ನನಗೆ ಅದನ್ನು ನೋಡಲಾಗಲಿಲ್ಲ, ಆದರೂ ನೀರು ಸುರಿದೆ.

ನಾಲ್ಕನೆಯ ದಿನ ಅಕ್ಕ ಹಿತ್ತಿಲಿಗೆ ಬಂದಳು. ಮೊದಲು ನಾಯಿಯನ್ನು ನೋಡಿದಳು, ಆಮೇಲೆ ಗೋಡೆಯ ಗೂಡಿನಲ್ಲಿ ಮಡಿಸಿಟ್ಟ ಹಾಗೇ ಇದ್ದ ಬಟ್ಟೆಯ ಚೂರುಗಳನ್ನು. ಹೊಡೆಯುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತು ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು.

"ನಂಗೂ ಹೋಗೋಕೆ ಇಷ್ಟ ಇಲ್ಲ ಕಣೇ. ಅದಕ್ಕೆ ಇದರ ಕಣ್ಣು ಯಾಕೆ ಉರೀಬೇಕು?"

ದೊಡ್ಡವರಿಗೂ ಇಷ್ಟವಿಲ್ಲದ ಕಡೆಗೆ ಹೋಗಬೇಕಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ದಿನ ಇಬ್ಬರೂ ಸೇರಿ ಮೂರು ಸಲ ಒರೆಸಿದೆವು. ಎರಡು ದಿನದಲ್ಲಿ ಕಣ್ಣು ತಿಳಿಯಾಯಿತು. ಶ್ರಾವಣ ಹುಟ್ಟಿತು, ಭಾವ ಬಂದರು, ಅಕ್ಕ ಹೋದಳು.

ಆಮೇಲೆ ನಾನು ಒಂದು ದಿನವೂ ತಪ್ಪಿಸಲಿಲ್ಲ. ಮುಂದಿನ ವರ್ಷ ಆಷಾಢದ ಗಾಳಿ ಶುರುವಾದಾಗ ನಾಯಿಯ ಕಣ್ಣಲ್ಲಿ ಒಂದು ಎಳೆ ಕೆಂಪೂ ಇರಲಿಲ್ಲ. ಅದನ್ನು ಅಕ್ಕನಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಅಮ್ಮನ ಹತ್ತಿರ ಹೋಗಿ, ಯಾವತ್ತು ಬರುತ್ತಾಳೆ ಎಂದು ಕೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

"ಅದು ಮದುವೆ ಆದ ಮೊದಲ್ನೇ ವರ್ಷ ಮಾತ್ರ. ನಿಂಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಆಮೇಲೂ ಅಕ್ಕ ಬಂದಳು, ಹಬ್ಬಕ್ಕೆ, ಬಾಣಂತನಕ್ಕೆ, ಆದರೆ ಬಂದ ಮಾರನೆಯ ದಿನದಿಂದಲೇ ಹೊರಡುವ ಮಾತು. ಮದುವೆಯಾದ ಮೇಲೂ ಮೊದಲಿನಂತೆ ನನ್ನ ಪಾಲಿಗೇ ಅವಳು ಇದ್ದದ್ದು ಅದೊಂದೇ ತಿಂಗಳು. ಅದರಲ್ಲಿ ಮೂರು ಬೆಳಗನ್ನು ನಾನು ಅವಳಿಗೆ ಸುಳ್ಳು ಹೇಳುತ್ತ ಕಳೆದೆ.